ಬರೀ ಹದಿನೈದು ಲಾರಿ?

“ಹದಿನೈದಲ್ರೀ ಸಾಹೇಬ್ರ, ಭಾಳ ಇದ್ದುವು!”

ಕಟಕಟೆಯಲ್ಲಿ ನಿಂತ ನೀಲಗಂಗಮ್ಮ ಹೀಗೆ ಕೂಗಿದಾಗ ಅವಳ ವಕೀಲ ಸುಮಧ್ವ ತಲೆಯ ಮೇಲೆ ಕೈ ಹೊತ್ತುಕೊಂಡ. ಆರೋಪಿಯೇ ತನ್ನ ಅಪರಾಧ ಸಾಲದೆಂದು ಜಗಳಕ್ಕೆ ನಿಂತದ್ದನ್ನು ಸಂಡೂರಿನ ಆ ಕೋರ್ಟು ಹಿಂದೆಂದೂ ಕಂಡಿರಲಿಲ್ಲ.

ಅದಿರು ಲಾರಿಗಳ ಚೆಕ್‌ಪೋಸ್ಟ್ ಪಕ್ಕದಲ್ಲೇ ನೀಲಗಂಗಮ್ಮನ ಚಹಾದಂಗಡಿ. ಗುಮಾಸ್ತ ಪರ್ಮಿಟ್‌ಗಳಿಗೆ ಸೀಲು ಒತ್ತುತ್ತಿದ್ದದ್ದೂ ಅವಳ ಬೆಂಚಿನ ಮೇಲೆ ಕೂತೇ. ಹಗಲಿಡೀ ಕೆಂಪು ಧೂಳು. ಪುಡಿ ಹಾಕುವ ಮೊದಲೇ ಹಾಲಿಗೆ ಚಹಾದ ಬಣ್ಣ. ಲಾರಿ ಮಿತಿಮೀರಿವೆ ಎಂದು ಗಣಿ ಇಲಾಖೆಗೆ ಮೂರು ಸಲ ಅರ್ಜಿ ಕೊಟ್ಟಳು. ಮೂರು ಸಲವೂ ಕಚೇರಿಯವರು “ಸಾಕ್ಷಿ ತಗೊಂಡು ಬಾ” ಎಂದು ಸಾಗಹಾಕಿದರು. ಯುಗಾದಿಯ ಮರುದಿನ ಅವಳಿಗೆ ತಲೆ ಕೆಟ್ಟಿತು. ಬೆಂಚು ಹತ್ತಿ ಊರ ಹೆಂಗಸರನ್ನು ಕೂಗಿದಳು. ಅರವತ್ತು ಮಂದಿ ಬಂದು ರಸ್ತೆಯಲ್ಲಿ ಕೂತರು, ಸಂಜೆಯವರೆಗೆ ಏಳಲಿಲ್ಲ.

ಗಣಿ ಕಂಪನಿಯ ಮ್ಯಾನೇಜರ್ ಹಾಲೇಶ್ ದೂರು ಕೊಟ್ಟ: ಹದಿನೈದು ಲಾರಿ ತಡೆದಿದ್ದಾರೆ, ಕುಮ್ಮಕ್ಕು ಕೊಟ್ಟವಳು ನೀಲಗಂಗಮ್ಮ.

“ನಾ ಕೂತಿಲ್ಲ, ಬರೀ ಹೇಳಿದೆ ಅಂದ್ರ ನಡೆಯಂಗಿಲ್ಲಮ್ಮ,” ಎಂದು ಸುಮಧ್ವ ಮೊದಲೇ ಎಚ್ಚರಿಸಿದ್ದ. “ಹೇಳಿದವರಿಗೂ ಮಾಡಿದವರಷ್ಟೇ ಶಿಕ್ಷೆ. ಜೈಲಾದ್ರೂ ಆಗಬಹುದು. ನೀವು ಬಾಯಿ ಮುಚ್ಕೊಂಡು ನಿಂತ್ರ ಸಾಕು.”

“ಹೇಳಿದೋರಿಗೂ?” ಎಂದು ಅವಳು ಎರಡೆರಡು ಸಲ ಕೇಳಿದ್ದಳು. ಪಾಪ, ಹೆದರಿದ್ದಾಳೆ ಎಂದುಕೊಂಡಿದ್ದ. ಈಗ ನೋಡಿದರೆ ಹೀಗೆ.

“ಬರೀ ಹದಿನೈದು ಲಾರಿ ಇಟ್ಟೋರು ಅಷ್ಟು ದೊಡ್ಡ ಬೋರ್ಡ್ ಯಾಕ ಹಾಕ್ಯಾರ್ರೀ?” ಅವಳು ಹಾಲೇಶನ ಕಡೆ ತಿರುಗಿದಳು. “ನಮ್ಮೂರಾಗ ಇಟ್ಟಂಗಿ ಭಟ್ಟಿಯೋರ್ದೂ ಅಷ್ಟ ಅದಾವು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನೋಡಿದರೆ ಪಕ್ಕದ ಗಣಿಯ ಮ್ಯಾನೇಜರ್! ಆ ವರ್ಷಗಳಲ್ಲಿ ಸಂಡೂರಿನಲ್ಲಿ ಮನುಷ್ಯನ ತೂಕವೆಂದರೆ ಅವನ ಹೆಸರಿನಲ್ಲಿ ಓಡುವ ಲಾರಿಗಳು. ಹಾಲೇಶನ ಕಿವಿ ಕೆಂಪಾಯಿತು. ಅವನ ವಕೀಲರು ಅಂಗಿ ಹಿಡಿದು ಜಗ್ಗಿದರೂ ಎದ್ದು ನಿಂತ.

“ನೂರಾ ಅರವತ್ತು ಸ್ವಾಮಿ! ನೂರಾ ಅರವತ್ತು ಗಾಡಿ ನಿಲ್ಸ್ಯಾಳ ಈ ಮುದುಕಿ. ಎಲ್ಲಾ ನಮ್ಮವ. ಬೇಕಾದ್ರ ಒಬ್ಬೊಬ್ಬ ಡ್ರೈವರ್‌ನೂ ಕರ್ಕೊಂಡು ಬರ್ತೀನಿ.”

“ಹಂಗ ಹೇಳ್ರಿ ಮತ್ತ,” ಎಂದಳು ನೀಲಗಂಗಮ್ಮ ಸಮಾಧಾನದಿಂದ.

ಮ್ಯಾಜಿಸ್ಟ್ರೇಟರು ಬರೆದುಕೊಂಡರು. ಸುಮಧ್ವನಿಗೆ ಅಳುವೇ ಬಂತು. ಜೈಲಿಗೆ ಹೋಗುವಾಗಲೂ ಈ ಹೆಂಗಸಿಗೆ ದೊಡ್ಡಸ್ತಿಕೆ ಬೇಕಲ್ಲ!

ಮುಂದಿನ ವಿಚಾರಣೆಗೆ ನೂರಾ ಅರವತ್ತು ಡ್ರೈವರ್‌ಗಳೂ ಹಾಜರು. ಒಳಗೆ ಹಿಡಿಸದೆ ವರಾಂಡದಲ್ಲಿ, ಕಿಟಕಿಗಳಲ್ಲಿ, ಅಂಗಳದ ಬೇವಿನ ಮರದ ಕೆಳಗೆ ನಿಂತರು. ನೀಲಗಂಗಮ್ಮ ಕ್ಯಾನುಗಟ್ಟಲೆ ಚಹಾ ತಂದು ಎಲ್ಲರಿಗೂ ಹಂಚಿದಳು. ತನ್ನ ವಿರುದ್ಧದ ಸಾಕ್ಷಿಗಳಿಗೆ ಸಕ್ಕರೆ ಸರಿಯಾಗಿದೆಯೇ ಎಂದು ಬೇರೆ ವಿಚಾರಿಸಿದಳು.

ಮೊದಲ ಸಾಕ್ಷಿ ಡ್ರೈವರ್ ಮೂಕಣ್ಣ.

“ಈಕೆ ಬೆಂಚಿನ ಮೇಲೆ ನಿಂತು ಏನೆಂದು ಕೂಗಿದಳು?” ಮ್ಯಾಜಿಸ್ಟ್ರೇಟರು ಕೇಳಿದರು.

“‘ಪರ್ಮಿಟ್ ಇದ್ದೋರು ಹೋಗ್ರಿ, ಇಲ್ಲದೋರ್ನ ಬಿಡಬ್ಯಾಡ್ರಿ’ ಅಂದ್ಲ್ರಿ. ಅವತ್ತು ಸೀಲ್ ಬಿದ್ದಿದ್ದು ಹದಿನೈದು ಗಾಡಿಗೆ. ಅವಕ್ಕ ಹಾದಿ ಬಿಡ್ಸಿ ಕಳ್ಸಿದ್ಲು. ನಮ್ಮನ್ನ ಅಷ್ಟ ನಿಲ್ಸಿದ್ಲು.”

ದೂರಿನಲ್ಲಿದ್ದ ಹದಿನೈದು ಲಾರಿಗಳು ಆ ದಿನ ನಿಂತೇ ಇರಲಿಲ್ಲ. ಹಾಲೇಶ್ ಪರ್ಮಿಟ್ ಇದ್ದಷ್ಟನ್ನೇ ದೂರಿನಲ್ಲಿ ಬರೆಸಿದ್ದ. ಈಗ ಅವನೇ ತನ್ನ ವಕೀಲರ ಅಂಗಿ ಹಿಡಿದು ಜಗ್ಗಿದ.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. “ಪರ್ಮಿಟ್ ಇಲ್ಲದೆ ಅದಿರು ಸಾಗಿಸುವುದು ಅಪರಾಧ. ಹಾಗೇ ಹೊರಡಿ ಎಂದು ನಿಮಗೆಲ್ಲ ಹೇಳಿದವರು ಯಾರು?”

ಒಳಗಿನಿಂದ, ವರಾಂಡದಿಂದ, ಕಿಟಕಿಗಳಿಂದ, ಚಹಾ ಲೋಟ ಹಿಡಿಯದ ನೂರಾ ಅರವತ್ತು ಕೈಗಳು ಹಾಲೇಶನತ್ತ ಚಾಚಿದವು. ನೀಲಗಂಗಮ್ಮ ಸುಮಧ್ವನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು: “ಹೇಳಿದೋರಿಗೂ ಮಾಡಿದೋರಷ್ಟ ಶಿಕ್ಷಾ ಅಂದಿದ್ರಲ್ರೀ?”