ಅರಿಸಿನದ ಡಬ್ಬಿ

ಅಕ್ಕಿಗೆ ಅರಿಸಿನ ಕಲಸುವ ವಾಸನೆ ಬಂದರೆ ಈಗಲೂ ನನ್ನ ಹಲ್ಲು ಬಿಗಿಯುತ್ತದೆ.

ಮದರಾಸಿನ ಪೆರಂಬೂರಿನಲ್ಲಿ, ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ, ಆ ವಿಜಯದಶಮಿಯಂದು ಐದು ವರ್ಷದ ನನ್ನ ತಮ್ಮನಿಗೆ ಅಕ್ಷರಾಭ್ಯಾಸ. ಅಜ್ಜಿ ಅವನ ಬೆರಳು ಹಿಡಿದು ತಟ್ಟೆಯ ಅರಿಸಿನ ಕಲಸಿದ ಅಕ್ಕಿಯಲ್ಲಿ ‘ಅ’ ಬರೆಸಲು ಹೊರಟರೆ ಅವನು ಕೊಸರಿಕೊಂಡು ಅಳುತ್ತಿದ್ದ. ಮೂರು ವರ್ಷದ ತಂಗಿ ಬಗ್ಗಿ, ತಾನೇ ನಿಧಾನವಾಗಿ ‘ಅ’ ಬರೆದಳು. ಪಕ್ಕದಲ್ಲಿದ್ದ ಡಬ್ಬಿಯ ಚೀಟಿಯ ಮೇಲೆ ಬೆರಳಿಟ್ಟು ಓದಿದಳು: “ಅ, ರಿ, ಸಿ, ನ.”

“ಅಡೇಯಪ್ಪಾ! ಇಷ್ಟುದ್ದ ಇದಾಳೆ, ಓದ್ತಾಳಲ್ರೀ!” ಎಂದು ಪಕ್ಕದ ಮನೆಯ ಮಾಮಿ ನಕ್ಕರು.

ಅಜ್ಜಿ ತಂಗಿಯ ಬೆರಳಿನ ಮೇಲೆ ಪಟ್ಟನೆ ಹೊಡೆದರು. “ಮೂದೇವಿ! ಅಣ್ಣನ ಅಕ್ಕಿ ಮೈಲಿಗೆ ಮಾಡಿದೆಯಲ್ಲೇ! ಗಂಡುಮಗನಿಗಿಂತ ಮುಂಚೆ ನಿನಗ್ಯಾಕೆ ಅಕ್ಷರ?”

“ಯಾರು ಕಲಿಸಿದ್ದು ಇವಳಿಗೆ?” ಎಂದರು ಅಪ್ಪ.

ತಂಗಿ ಅಳಲಿಲ್ಲ, ನನ್ನನ್ನೇ ನೋಡಿದಳು. ನನಗೆ ಆಗ ಒಂಬತ್ತು. ಮಧ್ಯಾಹ್ನಗಳಲ್ಲಿ ಅಡುಗೆಮನೆಯ ಡಬ್ಬಿಗಳ ಮುಂದೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವಳು ನಾನೇ.

“ಗೊತ್ತಿಲ್ಲಪ್ಪ,” ಎಂದೆ.

ಅಜ್ಜಿ ಆ ಅಕ್ಕಿಯನ್ನು ಕಾಗೆಗಳಿಗೆ ಚೆಲ್ಲಿ ಬೇರೆ ಅಕ್ಕಿ ತಂದರು. ತಮ್ಮ ಅಳುತ್ತಲೇ ಬರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆ ಅಪ್ಪ ಡಬ್ಬಿಗಳ ಚೀಟಿಗಳನ್ನೆಲ್ಲ ಕಿತ್ತುಹಾಕಿದರು.

ಮರುದಿನ ತಂಗಿ ಒಂದೊಂದೇ ಮುಚ್ಚಳ ತೆರೆದು ಮೂಸಿ ನೋಡುತ್ತಿದ್ದಳು.