ಮೊದಲ ತಂಡದವರ ದಿನ

ಆ ಪುಟ್ಟ ದ್ವೀಪದೇಶ ತನ್ನ ಮೊಟ್ಟಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವನ್ನು ಮರೆತಿರಲಿಲ್ಲ. ವರ್ಷಕ್ಕೊಮ್ಮೆ ಮೊದಲ ತಂಡದವರು ಮೈದಾನಕ್ಕಿಳಿದು, ಅಂದು ಆಡಿದ ಜಾಗದಲ್ಲೇ ಹೋಗಿ ನಿಲ್ಲಬೇಕು. ತೀರಿಕೊಂಡವರ ಜಾಗ ಖಾಲಿ ಬಿಡಬೇಕು. ಆಮೇಲೆ ರಾಷ್ಟ್ರಗೀತೆ.

ವರ್ಷಗಳು ಉರುಳಿದಂತೆ ಮೈದಾನ ಬರಿದಾಗುತ್ತಾ ಬಂತು. ಮೊನ್ನೆ ಮಳೆಗಾಲದಲ್ಲಿ ಗೋಲ್‌ಕೀಪರೂ ತೀರಿಕೊಂಡ ಮೇಲೆ ಆ ತಂಡದಲ್ಲಿ ಉಳಿದವನು ಮುದುಕ ತೊವಾರೊ ಒಬ್ಬನೇ. ಅವನು ಹಳೆಯ ಜೆರ್ಸಿ ತೊಟ್ಟು, ಗೆರೆಯಾಚೆಯ ಮರದ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಮಾತಿಗೂ ಯಾರೂ ಇರಲಿಲ್ಲ.

ಫುಟ್‌ಬಾಲ್ ಸಂಘದ ಹುಡುಗಿ ಓಡಿಬಂದಳು. "ಏಳಿ ತಾತ, ಬ್ಯಾಂಡಿನವರು ಕಾಯ್ತಿದ್ದಾರೆ."

"ಕಾಯಲಿ ಬಿಡಮ್ಮ."

"ಮಂಡಿ ನೋವಾ? ಕೈ ಹಿಡ್ಕೊಳ್ಲಾ?"

"ನನ್ನ ಮಂಡಿಗೇನಾಗಿದೆ, ಗಟ್ಟಿಯಾಗೇ ಇದೆ."

ಅವಳು ಅವನ ತೋಳಿನ ಬಟ್ಟೆ ಮುಟ್ಟಿ ನೋಡಿದಳು. "ಜೆರ್ಸಿ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ! ಒಂದು ಕಲೆ ಕೂಡ ಇಲ್ಲ."

ತೊವಾರೊ ಬಗ್ಗಿ ಬೂಟಿನ ದಾರ ಬಿಗಿದುಕೊಂಡ. ಈಗಲಾದರೂ ಎದ್ದಾನು ಎಂದುಕೊಂಡಳು. ಅವನು ಏಳಲಿಲ್ಲ.

"ಜನ ಎಲ್ಲಾ ನಿಮ್ಮನ್ನೇ ನೋಡ್ತಿದ್ದಾರೆ ತಾತ. ನಿಮ್ಮ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ."

ಖಾಲಿ ಮೈದಾನದ ಮೇಲಿನ ಕಣ್ಣು ತೆಗೆಯದೆ ಅವನೆಂದ: "ನನ್ನ ಜಾಗ ಇದೇ ಕಣಮ್ಮ. ಹನ್ನೊಂದು ಜನರಲ್ಲಿ ಯಾರಾದ್ರೂ ಸುಸ್ತಾದ್ರೆ ಕರೀತೀನಿ, ಅಲ್ಲೀವರೆಗೂ ಏಳಬೇಡ ಅಂದಿದ್ರು ಕೋಚು. ಅವತ್ತು ಯಾರೂ ಸುಸ್ತಾಗಲಿಲ್ಲ."