ಇಪ್ಪತ್ತನೆಯ ತೋಟಾ

ಕೋವಿಯ ಇಪ್ಪತ್ತನೆಯ ತೋಟಾವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಲು ಹೋದ ಗಾವಿಯ ಕೈ ಅಲ್ಲೇ ನಿಂತಿತು. ತುಸು ಮುಂಚೆ, ಮನೆಯೊಳಗೆ ಸಾಕಿದ್ದ ಕುರಿಮರಿ ಬಂದು ಮೊಣಕಾಲಿಗೆ ಗುದ್ದಿದಾಗ ಅವನ ಕೈಯಲ್ಲೊಂದು ಹಿತ್ತಾಳೆಯ ಕೊಳವೆ ಇತ್ತು. ಮರಿಯನ್ನು ಎತ್ತಿ ಅದರ ಪೆಟ್ಟಿಗೆಗೆ ಹಾಕಿ ಬಂದು, ಆ ಕೊಳವೆಗೆ ಮದ್ದು ಸುರಿದದ್ದು ನೆನಪಿದೆ. ಏಳುವ ಮೊದಲೇ ಒಂದು ಸಲ ಸುರಿದಾಗಿತ್ತೇ? ಅದು ನೆನಪಿಲ್ಲ. ಬ್ಯಾಟರಿ ಬಿಟ್ಟು ಒಳಗೆ ನೋಡಲೂ ಇಲ್ಲ. ಗುಂಡು ಕೂರಿಸಿ, ಒತ್ತಿ, ಉಳಿದವುಗಳ ಜೊತೆ ಹಾಕಿಬಿಟ್ಟಿದ್ದ. ಈಗ ಇಪ್ಪತ್ತೂ ಒಂದೇ ಥರ ಹೊಳೆಯುತ್ತಿದ್ದವು.

ಎದುರಿಗೆ ಹೆಂಡತಿ ಸ್ಟೀನಾ ಸ್ವೆಟರಿನ ತೋಳು ಹೆಣೆಯುತ್ತ ಕೂತಿದ್ದಳು. ಗಂಡ ತೋಟಾ ತುಂಬಲು ಕೂತಿದ್ದು ಹನ್ನೊಂದು ವರ್ಷದ ಮೇಲೆ. ಶೆಡ್ಡಿನಲ್ಲಿ ಬೇಡ, ಅಡುಗೆಮನೆಯ ಮೇಜಿನ ಮೇಲೆ, ನನ್ನ ಕಣ್ಣೆದುರಿಗೆ ಎಂದು ಅವಳೇ ಷರತ್ತು ಹಾಕಿದ್ದಳು. ಮದ್ದು ಮೇಜಿನ ಮೇಲಿರುವಷ್ಟು ಹೊತ್ತು ಒಲೆ ಹಚ್ಚುವಂತಿಲ್ಲ. ದಕ್ಷಿಣ ಆಫ್ರಿಕಾದ ಕರೂ ಬಯಲಿನ ಜುಲೈ ಚಳಿಗೆ ಇಬ್ಬರೂ ಮನೆಯೊಳಗೇ ಕೋಟು ಹಾಕಿಕೊಂಡಿದ್ದರು. ಮೊಮ್ಮಗಳು ಮಿಂಕಿ ನಾಳೆ ಹಾಸ್ಟೆಲಿನಿಂದ ಬರುತ್ತಾಳೆ. ಹದಿನಾರು ತುಂಬಿದೆ. ಮೊದಲ ಜಿಂಕೆಯನ್ನು ಮುತ್ತಜ್ಜನ ಕೋವಿಯಲ್ಲೇ ಹೊಡೆಯಬೇಕೆಂದು ಅವಳ ಹಟ. ಆ ಹಳೇ ಕೋವಿಗೆ ಹೊಂದುವ ತೋಟಾ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಮುಗೀತಾ, ಮುದುಕಪ್ಪಾ?"

"ಹೂಂ."

"ಹೂಂ ಅಂದ್ರೆ ಹೌದಾ, ಹೊಟ್ಟೆನೋವಾ?"

ಗಾವಿ ಮುಚ್ಚಳ ಹಾಕಿದ. ಮತ್ತೆ ತೆಗೆದ. ಬಲಗೆನ್ನೆಯ ಮೇಲಿನ ಗಾಯದ ಗುರುತನ್ನು ಹೆಬ್ಬೆರಳಿನಿಂದ ಸವರಿಕೊಂಡ. ಹನ್ನೊಂದು ವರ್ಷದ ಹಿಂದೆ, ಎರಡು ಪಾಲು ಮದ್ದು ಬಿದ್ದಿದ್ದ ಒಂದು ತೋಟಾ ಬೇರೊಂದು ಕೋವಿಯೊಳಗೇ ಸಿಡಿದು ಮಾಡಿದ ಗಾಯ ಅದು. ಆವತ್ತು ಇದೇ ಮೇಜಿನ ಮೇಲೆ ಅವನ ತಲೆ ಇರಿಸಿಕೊಂಡು ಸ್ಟೀನಾ ಹಿತ್ತಾಳೆಯ ಚೂರುಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತಿದ್ದಳು. ಕಣ್ಣು ಉಳಿದದ್ದೇ ಹೆಚ್ಚು.

"ಸ್ಟೀನಾ, ಇದರಲ್ಲಿ ಒಂದಕ್ಕೆ ಎರಡು ಸಲ ಮದ್ದು ಹಾಕಿದ್ನೋ ಏನೋ. ಯಾವುದಕ್ಕೆ ಅಂತ ಗೊತ್ತಿಲ್ಲ."

ಹೆಣಿಗೆಯ ಕಡ್ಡಿಗಳು ನಿಂತವು. "ತಕ್ಕಡೀಲಿಟ್ಟು ನೋಡು."

"ಆಗಲ್ಲ ಮಾರಾಯ್ತಿ. ಕೊಳವೆಗಳ ತೂಕಾನೇ ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲಾ ಬಿಚ್ಚಬೇಕು."

"ಬಿಚ್ಚು ಮತ್ತೆ. ಒಂದು ಕುಣಿಕೆ ತಪ್ಪಿದ್ರೆ ನಾನು ತೋಳು ಪೂರ್ತಿ ಬಿಚ್ಚಲ್ವಾ? ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡಿದೀಯ?"

"ಆವತ್ತೂ ಅನುಮಾನ ಬಂದಿತ್ತು."

"ಯಾವತ್ತು?"

"ಕೆನ್ನೆ ಹರಿದ ದಿನ. ಐವತ್ತು ತುಂಬಿಟ್ಟಿದ್ದೆ. ನಿನ್ನ ಅಣ್ಣಂದಿರು ಬೇಟೆಗೆ ಹೊರಟು ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡ್ಕೊಂಡು ಹಾರ್ನ್ ಹೊಡೀತಿದ್ರು. ಐವತ್ತನ್ನೂ ಬಿಚ್ತೀನಿ ಅಂದ್ರೆ ನಗ್ತಾರೆ ಅಂತ ಸುಮ್ಮನಾದೆ."

ಸ್ಟೀನಾ ಅವನನ್ನೇ ನೋಡಿದಳು. ಇಷ್ಟು ವರ್ಷ ಅವಳು ನಂಬಿಕೊಂಡಿದ್ದೇ ಬೇರೆ. ಆವತ್ತು ಶೆಡ್ಡಿಗೆ ಕಾಫಿ ತೆಗೆದುಕೊಂಡು ಹೋಗಿ, ಅರ್ಧ ಗಂಟೆ ಮಾತಿಗೆಳೆದು, ಅವನ ಲೆಕ್ಕ ತಪ್ಪಿಸಿದವಳು ತಾನೇ ಎಂದು. ಅದಕ್ಕೇ ಇವತ್ತು ಬೆಳಗಿನಿಂದ ತುಟಿ ಬಿಚ್ಚದೆ ಕೂತಿದ್ದಳು.

"ಅಂದ್ರೆ ಅದು ನನ್ನ ಕಾಫಿಯಿಂದ ಆಗಿದ್ದಲ್ಲ?"

"ಯಾವ ಕಾಫಿ?"

"ಅಯ್ಯೋ ಕತ್ತೆ!" ಉಣ್ಣೆಯ ಉಂಡೆಯನ್ನು ಅವಳು ಅವನ ಎದೆಗೆ ಎಸೆದಳು. "ಹನ್ನೊಂದು ವರ್ಷ ನಿನಗೆ ಲೋಟ ಕೊಡುವಾಗೆಲ್ಲ ಜೀವ ಹೋಗಿ ಬರ್ತಿತ್ತು ನನಗೆ. ಯಾವ ಕಾಫಿ ಅಂತೆ!"

ಉಂಡೆ ಮೇಜಿನ ಕೆಳಗೆ ಉರುಳಿತು. ಕುರಿಮರಿ ಪೆಟ್ಟಿಗೆಯಿಂದ ಜಿಗಿದು ಅದರ ಹಿಂದೆ ಓಡಿತು. ಗಾವಿ ತಲೆ ತಗ್ಗಿಸಿಕೊಂಡೇ ಹೋಗಿ ತೋಟಾ ಬಿಚ್ಚುವ ಸುತ್ತಿಗೆ ತಂದ. ಅದರ ಟೊಳ್ಳು ತಲೆಯೊಳಗೆ ತೋಟಾವನ್ನು ಸಿಕ್ಕಿಸಿ ಮರದ ಕೊರಡಿಗೆ ಬಡಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಅವನು ಬಡಿದ. ಅವಳು ಕನ್ನಡಕ ಏರಿಸಿ ಮದ್ದನ್ನು ಸಣ್ಣ ತಕ್ಕಡಿಗೆ ಸುರಿದಳು.

"ಸರಿ ಇದೆ." ಮತ್ತೆ ಒಂದು ಪೆಟ್ಟು. "ಇದೂ ಸರಿ." ಹತ್ತು ತೋಟಾ ಬಿಚ್ಚುವ ಹೊತ್ತಿಗೆ ಅವನ ತೋಳು ಸೋತಿತು. ಹದಿನೈದಕ್ಕೆ ಅವಳು ಎದ್ದು ಅವನ ಕೋಟಿನ ಕಾಲರನ್ನು ಕುತ್ತಿಗೆಯ ಸುತ್ತ ಎಳೆದು ಗುಂಡಿ ಹಾಕಿ ಬಂದಳು.

"ಹತ್ತೊಂಬತ್ತೂ ಸರಿ," ಎಂದಳು ಕೊನೆಗೆ. "ಒಂದೋ ಇದೇ ಕಳ್ಳ. ಇಲ್ಲಾಂದ್ರೆ ನಿನ್ನ ಕೈ ನೆಟ್ಟಗಿದೆ, ತಲೆ ಮಾತ್ರ ಕೆಟ್ಟಿದೆ. ಬಡಿ, ಬೇಗ ಮುಗಿಸು. ಮಿಂಕಿಗೆ ಇದೇನೂ ಹೇಳೋದು ಬೇಡ. ನಮ್ಮ ತಾತನ ಕೈಯ ತೋಟಾ ಅಂತ ಹಾಸ್ಟೆಲ್ ತುಂಬಾ ಡಂಗುರ ಹೊಡ್ಕೊಂಡು ಬರ್ತಿದಾಳೆ."

ಗಾವಿ ಎತ್ತಿದ ಸುತ್ತಿಗೆಯನ್ನು ಕೆಳಗಿಟ್ಟ. ಅದರ ತಲೆ ತಿರುಗಿಸಿ ತೋಟಾವನ್ನು ಹಾಗೇ ಹೊರಗೆ ತೆಗೆದು, ಖಾಲಿ ತಟ್ಟೆಯ ನಡುವೆ ನಿಲ್ಲಿಸಿದ.

"ಇದನ್ನ ನಾಳೆ ಅವಳ ಕೈಲೇ ಬಿಚ್ಚಿಸ್ತೀನಿ."

"ಹುಚ್ಚಾ? ತಪ್ಪಾಗಿದ್ರೆ ಮೊಮ್ಮಗಳ ಎದುರಿಗೆ ಮುಖ ಎಲ್ಲಿಟ್ಕೊಳ್ತೀಯ?"

"ಇರೋ ಕಡೆನೇ ಇರುತ್ತೆ. ಆವತ್ತು ಅನುಮಾನ ಬಂದೂ ಸುಮ್ಮನಿದ್ದೆ ಅಂತಾನೂ ಹೇಳ್ತೀನಿ."

ಸ್ಟೀನಾ ತಟ್ಟೆಯ ಮೇಲೆ ಬಾಗಿದಳು. ಒಂಟಿ ತೋಟಾ ಕಿಟಕಿಯ ಬೆಳಕಿಗೆ ಮಿನುಗುತ್ತಿತ್ತು.

"ಅದೂ ಸರಿಯಾಗೇ ಇದ್ರೆ?"

ಗಾವಿ ಖಾಲಿ ಕೊಳವೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದ.

"ಸರಿ ಇದ್ರೂ, ಬಿಚ್ಚಿ ನೋಡಿರ್ತಾಳಲ್ಲ," ಎಂದ.